ಬಂದ ಊರನ್ನು ತಿಳಿದುಕೊಳ್ಳುವುದು ಹೇಗೆ: ಕಾಣಕೋಣದಲ್ಲಿರುವ ಕನ್ನಡದವರಿಗೆ

ಹೋದ ತಿಂಗಳು ಗೋವಾದ ದಕ್ಷಿಣ ತುದಿಯ ಕಾಣಕೋಣ ತಾಲ್ಲೂಕಿನ ಚಾವಡಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಹಾವೇರಿ ಕಡೆಯ ಹುಡುಗನೊಬ್ಬ ಒಂದು ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದ. ಹೆಸರು, ಅಪ್ಪನ ಹೆಸರು ಬರೆದಾಯಿತು. ಆಮೇಲೆ ಗ್ರಾಮ, ಪಂಚಾಯ್ತಿ, ವಾರ್ಡ್ ಬಂತು. "ಯಾವ ಪಂಚಾಯ್ತಿಯೋ ನಿಂದು?" ಎಂದೆ. "ಅದೆಲ್ಲಾ ಗೊತ್ತಿಲ್ರಿ ಅಣ್ಣಾರ, ಸುಮ್ನ ಕಾಣಕೋಣ ಅಂತ ಬರೀರಿ" ಎಂದ. ಆರು ವರ್ಷದಿಂದ ಇಲ್ಲಿದ್ದಾನೆ. ಯಾವ ಹೊಟೇಲಿಗೆ ದಿನಕ್ಕೆ ಎಷ್ಟು ಕಿಲೊ ಟೊಮೆಟೊ ಹೋಗುತ್ತದೆ ಎಂದು ಬಾಯಲ್ಲೇ ಹೇಳುತ್ತಾನೆ. ತಾನು ಮಲಗುವ ಮನೆ ಯಾವ ಪಂಚಾಯ್ತಿಗೆ ಸೇರಿದ್ದು ಎಂದು ಮಾತ್ರ ಅವನಿಗೆ ಯಾರೂ ಹೇಳಿಲ್ಲ.

ನಾನು ಇಲ್ಲಿಗೆ ಬಂದ ಮೊದಲ ವರ್ಷ ಹೀಗೇ ಇದ್ದೆ. ಒಂದು ಸರ್ಟಿಫಿಕೇಟಿಗೆ ಮೂರು ದಿನ ಕೆಲಸ ಬಿಟ್ಟು ಒಂದು ಕಚೇರಿಗೆ ಅಲೆದೆ. ಮೂರನೇ ದಿನ, ಅದೂ ಬಾಗಿಲು ಹಾಕುವ ಹೊತ್ತಿಗೆ, ನಿಮ್ಮ ಮನೆ ಮುನ್ಸಿಪಾಲಿಟಿ ಗಡಿಯೊಳಗೆ ಬರುತ್ತದೆ, ಇಲ್ಲಿ ಅಲ್ಲ ಎಂದರು. ಮೊದಲ ದಿನವೇ ಹೇಳಬಹುದಿತ್ತು. ಅವತ್ತಿನಿಂದ ಈ ತಾಲ್ಲೂಕನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು ಅನ್ನಿಸಿತು. ಹೇಗೆ ತಿಳಿದುಕೊಂಡೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ನೀವು ಮಡಗಾಂವ್, ವಾಸ್ಕೊ, ಪೊಂಡಾ ಎಲ್ಲಿದ್ದರೂ ದಾರಿ ಇದೇ, ಹೆಸರು ಬೇರೆ ಅಷ್ಟೆ.

ಮೊದಲು ಕಚೇರಿಗೆ ಹೋಗಬೇಡಿ. ಬಸ್ಸು ಹತ್ತಿ. ಒಂದು ಭಾನುವಾರ ಚಾವಡಿಯಿಂದ ಗಾಂವ್‌ಡೊಂಗ್ರಿ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತುಕೊಳ್ಳಿ. ಹೋಗುವಾಗ ಪೂರ್ವಕ್ಕೆ ಬೆಟ್ಟ, ಬರುವಾಗ ಪಶ್ಚಿಮಕ್ಕೆ ಸಮುದ್ರ. ಇಡೀ ತಾಲ್ಲೂಕು ಇದೇ: ಸಹ್ಯಾದ್ರಿಯ ಗೋಡೆಯಿಂದ ಅರಬ್ಬೀ ಸಮುದ್ರದವರೆಗೆ ಇಳಿಯುವ ಒಂದು ಇಳಿಜಾರು. ಉತ್ತರಕ್ಕೆ ಕೇಪೆ ತಾಲ್ಲೂಕು, ಈಶಾನ್ಯಕ್ಕೆ ಸಾಂಗೆ, ಪೂರ್ವ ಮತ್ತು ದಕ್ಷಿಣಕ್ಕೆ ನಮ್ಮ ಉತ್ತರ ಕನ್ನಡ. ಮಡಗಾಂವ್‌ನಿಂದ ಬರುವಾಗ ಕರಮಲ್ ಘಾಟಿನ ಕಾಡು ದಾಟಿದರೆ ಕಾಣಕೋಣ ಶುರು, ಪೋಳೆಂ ಚೆಕ್‌ಪೋಸ್ಟ್ ದಾಟಿದರೆ ಮುಗಿಯಿತು, ಮುಂದೆ ಮಾಜಾಳಿ, ಕಾರವಾರ. ನಡುವೆ ಸುಮಾರು 352 ಚದರ ಕಿಲೋಮೀಟರ್. ಗೋವಾ ಒಟ್ಟು 3,702 ಚದರ ಕಿಲೋಮೀಟರ್ ಅಂದಮೇಲೆ ಹತ್ತರಲ್ಲಿ ಒಂದು ಪಾಲು.

ಈ ಇಳಿಜಾರನ್ನು ನೀರಿನ ಜೊತೆ ನೋಡಿದರೆ ಬೇಗ ತಲೆಗೆ ಹತ್ತುತ್ತದೆ. ತಳಪಣ ನದಿ ಬೆಟ್ಟದಲ್ಲಿ ಹುಟ್ಟಿ ಇಲ್ಲೇ ಸಮುದ್ರ ಸೇರುತ್ತದೆ. ಅದರ ದಕ್ಷಿಣಕ್ಕೆ ಗಾಲ್ಜಿಬಾಗ್ ನದಿ, ಇನ್ನೂ ಚಿಕ್ಕದು. ನಮ್ಮ ತುಂಗಭದ್ರೆ, ವರದೆ ನೋಡಿ ಬೆಳೆದವರಿಗೆ ಇವು ಹಳ್ಳದ ಹಾಗೆ ಕಾಣಬಹುದು. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ವರದೆಗೆ ಪ್ರವಾಹ ಬಂದರೆ ಮೇಲಿನ ಊರಿನವರು ಫೋನ್ ಮಾಡುವಷ್ಟು ಸಮಯ ಇರುತ್ತದೆ. ಇಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಅಂಗಳಕ್ಕೆ ಬರುತ್ತದೆ. 2009ರ ಅಕ್ಟೋಬರ್ 2ರಂದು ಹಾಗೇ ಆಯಿತು. ಮಳೆಗಾಲ ಮುಗಿಯಿತು ಎಂದು ಎಲ್ಲರೂ ನಿರಾಳವಾಗಿದ್ದ ಹೊತ್ತಿನಲ್ಲಿ ಬೆಟ್ಟದಲ್ಲಿ ಒಂದೇ ಸಮನೆ ಸುರಿಯಿತು, ಗುಡ್ಡ ಕುಸಿಯಿತು, ಮಣ್ಣು ಮರ ಹೊತ್ತ ನೀರು ನದಿಗುಂಟ ಇಳಿದು ಮನೆ, ಅಂಗಡಿ, ತೋಟ ಎಲ್ಲವನ್ನೂ ಹಿಡಿಯಿತು. ಇಲ್ಲಿಯ ಹಳಬರು ಇವತ್ತಿಗೂ ಯಾವ ಗೋಡೆಗೆ ಎಲ್ಲಿಯವರೆಗೆ ನೀರು ಬಂದಿತ್ತು ಎಂದು ಕೈ ಇಟ್ಟು ತೋರಿಸುತ್ತಾರೆ. ಬಾಡಿಗೆ ಮನೆ ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟು ಅಂತ ಅಲ್ಲ, 2009ರಲ್ಲಿ ಇಲ್ಲಿ ನೀರು ಎಲ್ಲಿತ್ತು ಅಂತ. ಇದನ್ನು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ, ಯಾಕೆಂದರೆ ಕಡಿಮೆ ಬಾಡಿಗೆಯ ಕೋಣೆಗಳು ಹೆಚ್ಚಾಗಿ ತಗ್ಗಿನಲ್ಲೇ ಇರುತ್ತವೆ, ಆ ಕೋಣೆಗಳಲ್ಲಿ ಇರುವವರು ಹೆಚ್ಚಾಗಿ ನಮ್ಮವರೇ.

ಇಳಿಜಾರಿನ ಮೇಲ್ಭಾಗ ಕಾಡು. ಖೋತಿಗಾಂವ್ ಅಭಯಾರಣ್ಯ 1960ರ ದಶಕದ ಕೊನೆಯಲ್ಲಿ ಆದದ್ದು, ಸುಮಾರು 86 ಚದರ ಕಿಲೋಮೀಟರ್. ತಾಲ್ಲೂಕಿನ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ. ನಡುವೆ ಚಿರೆಕಲ್ಲಿನ ಬೋಳು ಹಾಸು, ಕೊಂಕಣಿಯಲ್ಲಿ ಸಡೊ ಅನ್ನುತ್ತಾರೆ. ಲೋಲಿಯೆಂ ಕಡೆ ಹೋದರೆ ಕಣ್ಣಿಗೆ ಕಾಣುವಷ್ಟು ದೂರ ಇದೇ. ಬೇಸಿಗೆಯಲ್ಲಿ ಕಾದ ಹಂಚಿನ ಹಾಗಿರುತ್ತದೆ. ಜುಲೈನಲ್ಲಿ ಹೋಗಿ ನೋಡಿ, ಅದೇ ಕಲ್ಲಿನ ಮೇಲೆ ಹುಲ್ಲು, ಹೂವು, ನಿಂತ ನೀರು. ಕೆಳಗೆ ಅಡಿಕೆ, ತೆಂಗು, ಗದ್ದೆ. ಅದಕ್ಕೂ ಕೆಳಗೆ ಮರಳು: ಆಗೊಂದ, ಪಾಳೊಳೆಂ, ಪಾಟ್ಣೆಂ, ರಾಜಬಾಗ್, ತಳಪಣ, ಗಾಲ್ಜಿಬಾಗ್, ಪೋಳೆಂ. ಆಗೊಂದ ಮತ್ತು ಗಾಲ್ಜಿಬಾಗ್‌ನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಬೀಚ್‌ನಲ್ಲಿ ಕೆಲಸ ಮಾಡುವವರು ಆ ಬೇಲಿಯ ಹತ್ತಿರ ರಾತ್ರಿ ದೀಪ ಹಾಕಬೇಡಿ, ಮರಿಗಳು ಬೆಳಕಿನ ಕಡೆ ತಿರುಗಿ ದಾರಿ ತಪ್ಪುತ್ತವೆ.

ಊರಿನ ಹೆಸರು ಕೂಡ ನಮಗೆ ಪೂರ್ತಿ ಹೊರಗಿನದಲ್ಲ. ತಾಲ್ಲೂಕಿನ ಮುಖ್ಯ ಪೇಟೆಯ ಹೆಸರೇ ಚಾವಡಿ. ಮಾಮ್ಲೇದಾರ, ತಲಾಠಿ ಎಂಬ ಮಾತು ಧಾರವಾಡ, ಬೆಳಗಾವಿ ಕಡೆಯ ಅಜ್ಜಂದಿರ ಬಾಯಲ್ಲೂ ಇತ್ತು. ಇಲ್ಲಿ ತಹಸೀಲ್ದಾರರಿಗೆ ಇವತ್ತಿಗೂ ಮಾಮ್ಲೇದಾರ್ ಅಂತಲೇ ಹೆಸರು. ಇನ್ನೂ ಹಿಂದೆ ಹೋದರೆ ಈ ನೆಲ ಶಿರಸಿ ಬಳಿಯ ಸೋದೆ ಅರಸರದ್ದು. 1763ರಲ್ಲಿ ಹೈದರಾಲಿ ಸೋದೆಯ ಮೇಲೆ ಬಂದಾಗ ಅಲ್ಲಿಯ ಅರಸ ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಪಡೆದ. ಖೋಲಾದ ತುದಿಯಲ್ಲಿರುವ ಕಾಬೊ ದೆ ರಾಮ ಕೋಟೆ ಆ ಹೊತ್ತಿನಲ್ಲೇ ಪೋರ್ಚುಗೀಸರ ಕೈಗೆ ಹೋಯಿತು, 1791ರಲ್ಲಿ ಕಾಗದದ ಮೇಲೂ ಈ ಭಾಗ ಅವರದ್ದಾಯಿತು. ಈ ತಾರೀಖುಗಳನ್ನು ಸುಮ್ನೆ ಬಾಯಿಪಾಠ ಮಾಡಲು ಹೇಳುತ್ತಿಲ್ಲ. ಸಾಷ್ಟಿ, ಬಾರ್ದೇಸ್ ತಾಲ್ಲೂಕುಗಳು ಹದಿನಾರನೇ ಶತಮಾನದಲ್ಲೇ ಪೋರ್ಚುಗೀಸರ ಕೈಗೆ ಬಿದ್ದವು, ಅಲ್ಲಿ ದೇವಸ್ಥಾನ ಕೆಡವಿದ, ಮತ ಬದಲಿಸಿದ ಕಾಲ ಅದು. ಕಾಣಕೋಣ ಅವರಿಗೆ ಸಿಕ್ಕಿದ್ದು ಇನ್ನೂರು ವರ್ಷಕ್ಕೂ ಹೆಚ್ಚು ತಡವಾಗಿ, ಆ ಹೊತ್ತಿಗೆ ಅವರ ರೀತಿ ಬದಲಾಗಿತ್ತು. ಅದಕ್ಕೇ ಶ್ರೀಸ್ಥಳದ ಮಲ್ಲಿಕಾರ್ಜುನ, ಪೈಂಗಿಣದ ಬೇತಾಳ, ಪರ್ತಗಾಳಿ ಮಠ ಎಲ್ಲ ಇದ್ದಲ್ಲೇ ಇವೆ. ಆಗೊಂದ, ಗಾಲ್ಜಿಬಾಗ್ ಕಡೆಯ ಕರಾವಳಿಯಲ್ಲಿ ಇಗರ್ಜಿ, ಅಂದರೆ ಚರ್ಚು, ಒಳನಾಡಿನಲ್ಲಿ ದೇವಸ್ಥಾನ ಜಾಸ್ತಿ. ಯಾರ ಮನೆಯಲ್ಲಿ ಯಾವ ಹಬ್ಬ, ಯಾವ ದಿನ ಕೂಲಿ ಸಿಗುವುದಿಲ್ಲ ಅನ್ನುವುದರವರೆಗೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಈಗ ಜನಸಂಖ್ಯೆ. ಇದಕ್ಕೆ ಊಹೆ ಬೇಡ, ಗಣತಿ ಇಲಾಖೆಯ ತಾಣದಲ್ಲಿ ಜಿಲ್ಲಾ ಜನಗಣತಿ ಕೈಪಿಡಿ ಪುಕ್ಕಟೆ ಸಿಗುತ್ತದೆ. 2011ರದ್ದು ತೆಗೆಯಿರಿ, ದಕ್ಷಿಣ ಗೋವಾ ಜಿಲ್ಲೆ. ಅದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಪ್ರತಿ ಹಳ್ಳಿಯಲ್ಲಿ ಶಾಲೆ, ಆಸ್ಪತ್ರೆ, ಬಸ್ಸು ಏನಿದೆ ಎಂಬ ಪಟ್ಟಿ. ಎರಡನೆಯದರಲ್ಲಿ ತಲೆ ಲೆಕ್ಕ: ಗಂಡು, ಹೆಣ್ಣು, ಮಕ್ಕಳು, ಓದು ಬಲ್ಲವರು, ಕೆಲಸ ಮಾಡುವವರು. ಮೊದಲು ನಿಮ್ಮ ಹಳ್ಳಿಯ ಸಾಲು ಹುಡುಕಿ, ಆಮೇಲೆ ತಾಲ್ಲೂಕಿನ ಒಟ್ಟು ನೋಡಿ. ಕಾಣಕೋಣದಲ್ಲಿ 2011ರಲ್ಲಿ 45,172 ಜನ. ಅದರಲ್ಲಿ ಮುನ್ಸಿಪಾಲಿಟಿಯೊಳಗೆ 12,434. ಅಂದರೆ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ಇಡೀ ಗೋವಾದಲ್ಲಿ ಇದು ತಿರುಗುಮುರುಗು, ನೂರರಲ್ಲಿ 62 ಜನ ಪೇಟೆಯವರು. ಜನರನ್ನು ಚದರ ಕಿಲೋಮೀಟರ್‌ನಿಂದ ಭಾಗಿಸಿ ನೋಡಿ: ಕಾಣಕೋಣಕ್ಕೆ 130ರ ಒಳಗೆ ಬರುತ್ತದೆ, ಗೋವಾಕ್ಕೆ 394. ಕೇಪೆಯ ಆಚೆಗಿನ ಸಾಷ್ಟಿಯಲ್ಲಿ, ಅಂದರೆ ಮಡಗಾಂವ್ ಇರುವ ತಾಲ್ಲೂಕಿನಲ್ಲಿ, ಕಾಣಕೋಣಕ್ಕಿಂತ ಕಡಿಮೆ ನೆಲದ ಮೇಲೆ ಮೂರು ಲಕ್ಷದ ಹತ್ತಿರ ಜನ ಇದ್ದರು. ಆಸ್ಪತ್ರೆ, ಕಾಲೇಜು, ಬಸ್ಸು ಯಾಕೆ ಅಲ್ಲಿ ಜಾಸ್ತಿ, ಇಲ್ಲಿಯವರು ಯಾಕೆ ಮಡಗಾಂವ್‌ಗೋ ಕಾರವಾರಕ್ಕೋ ಓಡುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಈ ಎರಡು ಅಂಕಿಯಲ್ಲಿದೆ.

ಓದುವಾಗ ಒಂದು ಎಚ್ಚರ. 2011ರ ಎಣಿಕೆ ಆದದ್ದು ಫೆಬ್ರವರಿ 9ರಿಂದ 28ರವರೆಗೆ. ಅದು ಇಲ್ಲಿ ಸೀಸನ್. ಪಾಳೊಳೆಂನಲ್ಲಿ ಗುಡಿಸಲು ಹೊಟೇಲುಗಳೆಲ್ಲ ನಿಂತಿರುವ, ಕೆಲಸಕ್ಕೆ ಜನ ಬಂದಿರುವ ಹೊತ್ತು. ಮಳೆಗಾಲಕ್ಕೆ ಮೊದಲು ಆ ಗುಡಿಸಲು ಬಿಚ್ಚುತ್ತಾರೆ, ಕೆಲಸದವರು ಊರಿಗೆ ಹೋಗುತ್ತಾರೆ, ಅದೇ ಬೀಚ್‌ನಲ್ಲಿ ಜುಲೈ ತಿಂಗಳಲ್ಲಿ ನಾಯಿಗಳು ಮಾತ್ರ ಓಡಾಡುತ್ತವೆ. ಗದಗ, ಹಾವೇರಿ, ವಿಜಯಪುರ ಕಡೆಯಿಂದ ಬಂದು ಮರಳಿನ ಮೇಲೆ ಬಟ್ಟೆ, ಮಣಿಸರ ಮಾರುವ ಲಂಬಾಣಿ ಹೆಂಗಸರು ಆ ಇಪ್ಪತ್ತು ದಿನಗಳಲ್ಲಿ ಎಲ್ಲಿದ್ದರೋ ಅಲ್ಲಿ ಎಣಿಕೆಗೆ ಸಿಕ್ಕಿರುತ್ತಾರೆ, ಇಲ್ಲವೇ ಎಲ್ಲೂ ಸಿಕ್ಕಿರುವುದಿಲ್ಲ. ಹಾಗಾಗಿ ಅಂಕಿಯನ್ನು ನಂಬಿ, ಆದರೆ ಯಾವ ತಿಂಗಳ ಅಂಕಿ ಎಂದು ಕೇಳಿ ನಂಬಿ.

ಭಾಷೆಯ ಲೆಕ್ಕಕ್ಕೆ ಬೇರೆ ಕೋಷ್ಟಕ ಇದೆ, ಸಿ-16 ಎಂದು ಅದರ ಹೆಸರು. 2011ರಲ್ಲಿ ಗೋವಾದ 14,58,545 ಜನರಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ನೂರಕ್ಕೆ 4.65. ಕೊಂಕಣಿ 66.11, ಮರಾಠಿ 10.89. ನೂರಕ್ಕೆ ಐದರ ಹತ್ತಿರ ಅಂದರೆ ಅರವತ್ತೇಳು, ಅರವತ್ತೆಂಟು ಸಾವಿರ ಜನ. ಇಡೀ ಕಾಣಕೋಣ ತಾಲ್ಲೂಕಿಗಿಂತ ಜಾಸ್ತಿ. ಇಷ್ಟು ಜನ ಇದ್ದೂ ನಮ್ಮಲ್ಲಿ ಬಹಳ ಮಂದಿ ನಾವು ಇಲ್ಲಿ ಲೆಕ್ಕಕ್ಕೇ ಇಲ್ಲ ಅಂದುಕೊಂಡು ಬದುಕುತ್ತಾರೆ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದೆ ಹೋಗಿ ಈಗ 2027ಕ್ಕೆ ನಿಂತಿದೆ. ಎಣಿಸಲು ಬಂದವರಿಗೆ ನಿಮ್ಮ ತಾಯ್ನುಡಿ ಯಾವುದೋ ಅದನ್ನೇ ಬರೆಸಿ. ಕನ್ನಡವಾದರೆ ಕನ್ನಡ, ಲಂಬಾಣಿಯಾದರೆ ಲಂಬಾಣಿ. ಕೊಂಕಣಿ ಬರುತ್ತಿದ್ದರೆ ಗೊತ್ತಿರುವ ಬೇರೆ ಭಾಷೆ ಎಂಬಲ್ಲಿ ಅದನ್ನೂ ಹೇಳಿ, ಬಿಡಬೇಡಿ.

ಅಂಕಿಯಲ್ಲಿ ಕಾಣುವ ಜನ ಯಾರು ಎಂದು ತಿಳಿಯಲು ಮಾತ್ರ ಮನೆಗಳಿಗೇ ಹೋಗಬೇಕು. ಗಾಂವ್‌ಡೊಂಗ್ರಿ, ಖೋತಿಗಾಂವ್, ಖೋಲಾ ಬೆಟ್ಟದ ಕಡೆ ವೇಳಿಪ್, ಗಾವ್ಡಾ, ಕುಣಬಿ ಮನೆಗಳು. ಇವರು ಇಲ್ಲಿಯ ಮೊದಲಿಗರು. ನಮ್ಮ ಜೋಯಿಡಾ ಕಡೆ ಕುಣಬಿಗಳನ್ನು ನೋಡಿದವರಿಗೆ ಹೊಸದೇನಲ್ಲ. ಗುಡ್ಡ ಕಡಿದು ಸುಟ್ಟು ರಾಗಿ, ನೆಲ್ಲು ಬೆಳೆಯುವ ಕುಮರಿ ಬೇಸಾಯ ಇವರದ್ದಾಗಿತ್ತು, ಹೆಸರೂ ಹೆಚ್ಚುಕಡಿಮೆ ನಮ್ಮದೇ, ಕುಮೇರಿ. ಖೋಲಾದ ಇಳಿಜಾರಿನಲ್ಲಿ ಮಳೆ ನೀರಿನಲ್ಲೇ ಬೆಳೆಯುವ ಮೆಣಸಿನಕಾಯಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಬ್ಯಾಡಗಿಗೆ 2011ರಲ್ಲಿ ಸಿಕ್ಕಿತ್ತಲ್ಲ, ಹಾಗೇ. ನಮ್ಮ ಬೀದಿಯಲ್ಲಿರುವ ವೇಳಿಪ್ ಕಾಕಾ ಒಮ್ಮೆ ನನಗೆ ಹಿಡಿ ಖೋಲಾ ಮೆಣಸಿನಕಾಯಿ ಕೊಟ್ಟು "ನಿಮ್ಮದರಷ್ಟೇ ಕೆಂಪು ಬರುತ್ತಾ ನೋಡು ಬಾಬಾ" ಎಂದರು. ನಾನು ಊರಿನಿಂದ ಬ್ಯಾಡಗಿ ತಂದು ಕೊಟ್ಟೆ. ಈ ತಾಲ್ಲೂಕಿನ ಬಗ್ಗೆ ನನಗೆ ಗೊತ್ತಿರುವ ಅರ್ಧದಷ್ಟು ಆ ಕಾಕಾ ಹೇಳಿದ್ದು, ಎಲ್ಲ ಆ ಮೆಣಸಿನಕಾಯಿ ಆದಮೇಲೆ ಹೇಳಿದ್ದು.

ಗಾವ್ಡಾ, ಕುಣಬಿ, ವೇಳಿಪ್ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬಹಳ ತಡ. 2011ರ ಗಣತಿಯಲ್ಲಿ ಗೋವಾದಲ್ಲಿ ಪರಿಶಿಷ್ಟ ಪಂಗಡದವರ ಒಟ್ಟು ಸಂಖ್ಯೆ 1,49,275, ನೂರಕ್ಕೆ ಹತ್ತು. ಆದರೂ ವಿಧಾನಸಭೆಯ 40 ಸೀಟುಗಳಲ್ಲಿ ಒಂದೂ ಅವರಿಗೆ ಮೀಸಲಿರಲಿಲ್ಲ. ಅದಕ್ಕಾಗಿ ಸಂಸತ್ತಿನಲ್ಲಿ 2024ರಲ್ಲಿ ಮಸೂದೆ ಬಂತು, 2025ರಲ್ಲಿ ಪಾಸಾಯಿತು. ಇಲ್ಲಿಯ ರಾಜಕೀಯ ಶುರುವಾಗುವುದೇ ಇಲ್ಲಿಂದ. ಜಾತಿ ಬೇಡ, ಅಭಿವೃದ್ಧಿ ಸಾಕು ಎಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಅಭಯಾರಣ್ಯದೊಳಗೆ ತಲೆಮಾರುಗಳಿಂದ ಉಳುವ ನೆಲಕ್ಕೆ ಕಾಗದ ಇಲ್ಲದವನಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವನಿಗೆ, ಅದೇ ರಾಜಕೀಯ. 2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಖೋತಿಗಾಂವ್ ಸೇರಿಸಿ ಇಲ್ಲಿಯ ಕಾಡುಗಳನ್ನು ಹುಲಿ ಮೀಸಲು ಪ್ರದೇಶ ಮಾಡಿ ಎಂದಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ನನಗೆ ಕಾಡೂ ಬೇಕು, ಹುಲಿಯೂ ಬೇಕು. ಕಾಕಾನ ಗದ್ದೆಯ ಕಾಗದ ಅದಕ್ಕೂ ಮೊದಲು ಅವರ ಕೈಗೆ ಬರಬೇಕು ಎಂಬುದೂ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಓಟಿನ ಲೆಕ್ಕ. ಕರ್ನಾಟಕದಿಂದ ಬಂದವರಿಗೆ ಇದು ಮೊದಲು ನಂಬಲು ಆಗುವುದಿಲ್ಲ. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ಎರಡು ಲಕ್ಷದ ಮೇಲೆ ಮತದಾರರು. ಇಲ್ಲಿ ಸರಾಸರಿ ಮೂವತ್ತು ಸಾವಿರದ ಒಳಗೆ. ಕಾಣಕೋಣ ಅದಕ್ಕಿಂತ ಸ್ವಲ್ಪ ದೊಡ್ಡದು. ಹಾಗಾಗಿ ಶಾಸಕರನ್ನು ಮಾರ್ಕೆಟ್ಟಿನಲ್ಲಿ, ಜಾತ್ರೆಯಲ್ಲಿ ಎದುರಿಗೇ ಕಾಣಬಹುದು, ಮಾತಾಡಿಸಬಹುದು. ಕೆಲವು ನೂರು ಓಟಿನಿಂದಲೂ ಗೆಲುವು ಸೋಲು ತಿರುಗುತ್ತದೆ. 2007ರವರೆಗೆ ಈ ತಾಲ್ಲೂಕಿನಲ್ಲಿ ಎರಡು ಕ್ಷೇತ್ರ ಇದ್ದವು, ಕಾಣಕೋಣ ಮತ್ತು ಪೈಂಗಿಣ. 2012ರ ಚುನಾವಣೆಯಿಂದ ಒಂದೇ. ಎರಡು ಕುರ್ಚಿ ಒಂದಾದರೆ ಏನಾಗುತ್ತದೋ ಅದೇ ಆಯಿತು. 2007ರಲ್ಲಿ ಪೈಂಗಿಣದಿಂದ ರಮೇಶ್ ತವಡ್ಕರ್, ಕಾಣಕೋಣದಿಂದ ವಿಜಯ್ ಪೈ ಖೋತ್, ಇಬ್ಬರೂ ಬಿಜೆಪಿಯಿಂದ ಗೆದ್ದಿದ್ದರು. 2012ರಲ್ಲಿ ತವಡ್ಕರ್ ಗೆದ್ದರು. 2017ರಲ್ಲಿ ಪಕ್ಷ ಟಿಕೆಟ್ ಕೊಟ್ಟದ್ದು ಪೈ ಖೋತ್‌ಗೆ, ತವಡ್ಕರ್ ಪಕ್ಷೇತರರಾಗಿ ನಿಂತರು, ಓಟು ಒಡೆದು ಕಾಂಗ್ರೆಸ್ಸಿನ ಇಸಿಡೋರ್ ಫರ್ನಾಂಡಿಸ್ ಗೆದ್ದರು. 2019ರ ಜುಲೈನಲ್ಲಿ ಕಾಂಗ್ರೆಸ್ಸಿನ ಹತ್ತು ಶಾಸಕರು ಒಟ್ಟಿಗೆ ಬಿಜೆಪಿಗೆ ಹೋದಾಗ ಅವರಲ್ಲಿ ಇಸಿಡೋರ್ ಕೂಡ ಇದ್ದರು. 2022ರಲ್ಲಿ ಟಿಕೆಟ್ ಮತ್ತೆ ತವಡ್ಕರ್‌ಗೆ ಬಂತು, ಇಸಿಡೋರ್ ಪಕ್ಷೇತರರಾಗಿ ನಿಂತರು, ತವಡ್ಕರ್ ಗೆದ್ದು ವಿಧಾನಸಭೆಯ ಸ್ಪೀಕರ್ ಆದರು, 2025ರ ಆಗಸ್ಟಿನಲ್ಲಿ ಮಂತ್ರಿ. ಲೋಕಸಭೆಗೆ ನಾವು ದಕ್ಷಿಣ ಗೋವಾ ಕ್ಷೇತ್ರ. 2024ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ವಿರಿಯಾತೊ ಫರ್ನಾಂಡಿಸ್ 13,535 ಓಟಿನಿಂದ ಗೆದ್ದರು.

ಇದನ್ನೆಲ್ಲ ಪಕ್ಷದ ಜಗಳ ಎಂದಷ್ಟೇ ಓದಬೇಡಿ. ಚುನಾವಣಾ ಆಯೋಗದ ಗೋವಾ ತಾಣದಲ್ಲಿ ಫಾರ್ಮ್ 20 ಎಂಬ ಹಾಳೆ ಇರುತ್ತದೆ, ಬೂತ್‌ವಾರು ಯಾರಿಗೆ ಎಷ್ಟು ಓಟು ಎಂದು. ಅದನ್ನು ಇಳಿಸಿಕೊಂಡು ಬಸ್ಸಿನಲ್ಲಿ ಕಂಡ ಊರುಗಳ ಪಕ್ಕ ಇಟ್ಟು ನೋಡಿ. ಬೆಟ್ಟದ ಬೂತ್, ಸಡೊ ಮೇಲಿನ ಬೂತ್, ಕಡಲ ಬದಿಯ ಬೂತ್, ಒಂದೊಂದರ ಮಾತು ಒಂದೊಂದು ಥರ. ನೀರು ಇಳಿಯುವ ದಾರಿಯನ್ನು ನೋಡಿಕೊಂಡವರಿಗೆ ಈ ಹಾಳೆ ತಾನಾಗಿಯೇ ಅರ್ಥ ಆಗುತ್ತದೆ, ನನಗಂತೂ ಹಾಗೇ ಆಯಿತು.

ನಮಗೆ ಎಲ್ಲಕ್ಕಿಂತ ಹತ್ತಿರದ್ದು ಪಂಚಾಯ್ತಿ. ಗೋವಾದಲ್ಲಿ 191 ಪಂಚಾಯ್ತಿ, ಕಾಣಕೋಣದಲ್ಲಿ ಏಳು: ಆಗೊಂದ, ಖೋಲಾ, ಗಾಂವ್‌ಡೊಂಗ್ರಿ, ಖೋತಿಗಾಂವ್, ಶ್ರೀಸ್ಥಳ, ಪೈಂಗಿಣ, ಲೋಲಿಯೆಂ-ಪೋಳೆಂ. ಚಾವಡಿ, ಪಾಳೊಳೆಂ, ಪಾಟ್ಣೆಂ ಸುತ್ತಮುತ್ತ ಮುನ್ಸಿಪಾಲಿಟಿ. ಗಡಿ ಎಲ್ಲಿ ಎಂದು ತಿಳಿಯಲು ಸುಲಭ ದಾರಿ: ಮನೆಯ ಮಾಲೀಕರ ಹತ್ತಿರ ಮನೆಪಟ್ಟಿ ಕಟ್ಟಿದ ರಸೀದಿ ತೋರಿಸಲು ಕೇಳಿ. ಅದರ ಮೇಲೆ ಯಾರ ಮುದ್ರೆ ಇದೆಯೋ ನೀವು ಅಲ್ಲಿಯವರು. ಮನೆ ನಂಬರ್ ಕೂಡ ಅಲ್ಲೇ ಇರುತ್ತದೆ, ಬರೆದಿಟ್ಟುಕೊಳ್ಳಿ. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಮನುಷ್ಯನನ್ನು ನೋಡಿ ಓಟು. ಅದರ ಮೇಲೆ ಜಿಲ್ಲಾ ಪಂಚಾಯ್ತಿ, ಇಲ್ಲಿಗೆ ಖೋಲಾ ಮತ್ತು ಪೈಂಗಿಣ ಎಂದು ಎರಡು ಕ್ಷೇತ್ರ.

ಜಮೀನಿನ ಸುದ್ದಿ ಬಂದರೆ ಎರಡು ಪದ ಗೊತ್ತಿರಬೇಕು. ಒಂದು, ಏಕ್-ಚೌದಾ. ಫಾರ್ಮ್ 1 ಮತ್ತು 14, ನಮ್ಮ ಪಹಣಿ ಇದ್ದ ಹಾಗೆ. ಯಾರ ಹೆಸರಲ್ಲಿ ನೆಲ, ಯಾರು ಸಾಗುವಳಿ ಮಾಡುತ್ತಾರೆ ಎಲ್ಲ ಅದರಲ್ಲಿ. ಇನ್ನೊಂದು, ಕೊಮುನಿದಾದ್. ಇದು ನಮ್ಮಲ್ಲಿ ಇಲ್ಲ. ಊರಿನ ಮೂಲ ಗಾಂವ್‌ಕರ್ ಮನೆತನಗಳು ಒಟ್ಟಾಗಿ ಇಟ್ಟುಕೊಂಡ ನೆಲ, ಪೋರ್ಚುಗೀಸರಿಗಿಂತ ಹಳೆಯ ಪದ್ಧತಿ. ಆ ನೆಲವನ್ನು ಯಾರೋ ಒಬ್ಬರು ತನ್ನದು ಎಂದು ಮಾರಲು ಬರುವುದಿಲ್ಲ. ಕಡಿಮೆ ಬೆಲೆಗೆ ಜಾಗ ಕೊಡಿಸುತ್ತೇನೆ ಎಂದು ನಮ್ಮವರಿಂದ ಮುಂಗಡ ತೆಗೆದುಕೊಂಡು ಹೋದವರನ್ನು ಕಂಡಿದ್ದೇನೆ. ಕೂಡಿಟ್ಟ ದುಡ್ಡು ಕಳೆದುಕೊಂಡ ಮನೆಯಲ್ಲಿ ಒಂದು ರಾತ್ರಿ ಕೂತು ಬಂದಿದ್ದೇನೆ. ಏಕ್-ಚೌದಾ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಓಟು ಊರಿನಲ್ಲಿ ಇಟ್ಟುಕೊಳ್ಳಬೇಕಾ, ಇಲ್ಲಿಗೆ ತರಬೇಕಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಕಾನೂನು ಸರಳ: ನೀವು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರೋ ಅಲ್ಲಿ, ಒಂದೇ ಕಡೆ. ಎರಡು ಕಡೆ ಹೆಸರಿರುವುದು ತಪ್ಪು. ಸೀಸನ್ನಿಗೆ ಮಾತ್ರ ಬಂದು ಹೋಗುವವರು ಊರಿನಲ್ಲೇ ಇಟ್ಟುಕೊಳ್ಳಿ. ಹೆಂಡತಿ ಮಕ್ಕಳ ಜೊತೆ ಇಲ್ಲೇ ಇದ್ದು, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದರೆ ಫಾರ್ಮ್ 8 ತುಂಬಿ ಇಲ್ಲಿಗೆ ಬದಲಿಸಿಕೊಳ್ಳಿ. ಹೊಸದಾಗಿ ಸೇರುವವರಿಗೆ ಫಾರ್ಮ್ 6. 2025ರ ನವೆಂಬರಿನಿಂದ ಗೋವಾದಲ್ಲಿ ಮತಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಿದೆ, ಹಾಗಾಗಿ ಮೊದಲೇ ಹೆಸರಿದ್ದವರೂ ಪಟ್ಟಿಯಲ್ಲಿ ಇನ್ನೂ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಯಾವ ಪಕ್ಷದವರಾದರೂ ನಾವೇ ಎಲ್ಲ ಮಾಡಿಸುತ್ತೇವೆ, ಕಾರ್ಡ್ ಕೊಡಿ ಎಂದರೆ ಕೊಡಬೇಡಿ. ನಮ್ಮನ್ನು ಇಲ್ಲಿ ಕೆಲವರು ಓಟ್ ಬ್ಯಾಂಕ್ ಎಂದು ಬೈಯುವುದು ಇದೇ ಕಾರಣಕ್ಕೆ. ಘಾಟಿ ಎಂಬ ಮಾತನ್ನೂ ಕೇಳಿರುತ್ತೀರಿ, ಘಟ್ಟದ ಮೇಲಿನವರು ಎಂದು. ನೋವಾಗುತ್ತದೆ, ನನಗೂ ಆಗಿದೆ. ಆದರೆ ಎದುರಿಗಿರುವವರ ಭಯವನ್ನೂ ಅರ್ಥ ಮಾಡಿಕೊಳ್ಳಿ. 1967ರಲ್ಲಿ ಜನಮತ ಮಾಡಿ ಮಹಾರಾಷ್ಟ್ರಕ್ಕೆ ಸೇರುವುದಿಲ್ಲ ಎಂದು ಉಳಿಸಿಕೊಂಡ ಪುಟ್ಟ ನೆಲ ಇದು, 1987ರಲ್ಲಷ್ಟೇ ರಾಜ್ಯ ಆದದ್ದು, ಕೊಂಕಣಿಗೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿದ್ದೂ ಅದೇ ವರ್ಷ. ಹೊರಗಿನವರು ಬಂದು ನಮ್ಮ ನೆಲದಲ್ಲೇ ನಮ್ಮ ಭಾಷೆ ಮೂಲೆ ಸೇರುತ್ತದೆ ಎಂಬ ಭಯ ಬಂದರೆ ನಮಗೆ ಹೇಗಾಗುತ್ತದೆ ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹಾಗಾಗಿ ಕೊಂಕಣಿ ಕಲಿಯಿರಿ. ಪುಸ್ತಕ ಬೇಡ, ಮೀನು ಮಾರ್ಕೆಟ್ ಸಾಕು. ಆರು ತಿಂಗಳಿಗೆ ವ್ಯವಹಾರದ ಮಾತು ಬರುತ್ತದೆ.

ಪಂಚಾಯ್ತಿ ಗಡಿಯಲ್ಲಿದ್ದು ಮತಪಟ್ಟಿಯಲ್ಲಿ ಹೆಸರಿದ್ದರೆ ಗ್ರಾಮಸಭೆಗೆ ಹೋಗುವ ಹಕ್ಕು ನಿಮಗಿದೆ. ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ, ಭಾನುವಾರ ನಡೆಯುತ್ತದೆ. ಗೋವಾದಲ್ಲಿ ಗ್ರಾಮಸಭೆ ಬರೀ ಸಹಿ ಹಾಕುವ ಸಭೆ ಅಲ್ಲ. ಐಐಟಿ ಲೋಲಿಯೆಂಗೆ ಬರುತ್ತದೆ ಎಂದಾಗ ಅಲ್ಲಿಯವರು ಬೇಡ ಎಂದರು, ಐಐಟಿ ಬೇರೆ ಕಡೆ ಜಾಗ ಹುಡುಕಬೇಕಾಯಿತು. ಅದೇ ಸಡೊ ಮೇಲೆ ಫಿಲ್ಮ್ ಸಿಟಿ ಎಂಬ ಮಾತು ಬಂದಾಗಲೂ ಜನ ಎದ್ದು ನಿಂತರು. ನೀವು ಅದಕ್ಕೆ ಪರವೋ ವಿರುದ್ಧವೋ, ಅದು ಬೇರೆ. ಇಷ್ಟು ಚಿಕ್ಕ ಸಭೆಯಲ್ಲಿ ಇಷ್ಟು ದೊಡ್ಡ ವಿಷಯ ನಿರ್ಧಾರ ಆಗುವುದನ್ನು ಕಣ್ಣಾರೆ ನೋಡುವುದಕ್ಕಾದರೂ ಒಮ್ಮೆ ಹೋಗಿ.

ಮೊದಲ ಸಲ ಹೋಗುವವರಿಗೆ ಇಷ್ಟು: ವೋಟರ್ ಕಾರ್ಡ್ ಜೇಬಿನಲ್ಲಿರಲಿ, ಬಾಗಿಲಲ್ಲಿ ಇರುವ ವಹಿಯಲ್ಲಿ ಸಹಿ ಮಾಡಿ. ಹಿಂದೆ ಕೂರಬೇಡಿ, ನಡುವೆ ಕೂರಿ. ಮೊದಲ ಎರಡು ಸಭೆ ಕೇಳಿ ಅಷ್ಟೆ. ಮೂರನೆಯದರಲ್ಲಿ ನಿಮ್ಮ ವಾರ್ಡಿನ ಒಂದೇ ಒಂದು ವಿಷಯ ಎತ್ತಿ, ಗಟಾರವೋ ಬೀದಿ ದೀಪವೋ, ಹಿಂದಿನ ದಿನವೇ ಕಾಗದದ ಮೇಲೆ ಬರೆದು ಕಾರ್ಯದರ್ಶಿಗೆ ಕೊಟ್ಟು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು. ಎದ್ದು ನಿಂತಾಗ ಮೊದಲ ಮಾತು ಕೊಂಕಣಿಯಲ್ಲಿರಲಿ: ಹಾಂವ್ ಹಾಂಗಾಚ್ ರಾವ್ತಾಂ, ನಾನು ಇಲ್ಲೇ ಇರುವವನು. ತರಕಾರಿ ಹುಡುಗನಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ. ಅವನದು ಶ್ರೀಸ್ಥಳ ಪಂಚಾಯ್ತಿ, ಮನೆಪಟ್ಟಿ ರಸೀದಿ ನೋಡಿ ಗೊತ್ತಾಯಿತು. ಮುಂದಿನ ಸಭೆಗೆ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ, ಅವನನ್ನು ಬಾಗಿಲವರೆಗೆ ಬಿಟ್ಟು ನಾನು ಹೊರಗೆ ಚಹಾ ಕುಡಿಯುತ್ತಾ ಕಾಯುತ್ತೇನೆ, ನನ್ನದು ಮುನ್ಸಿಪಾಲಿಟಿ ಅಲ್ವಾ.